ಉಳಿದ ಎರಡು ಬಾಟಲಿ: ಭಾಲ್ಕಿ ತಾಲೂಕಿನ ಒಂದು ಸೋಯಾ ಹೊಲದ ಪ್ರಕರಣ

ಕಾಕಾನ ಫೋನು ಬಂದದ್ದು 2024ರ ಜುಲೈ 30ರ ಸಂಜೆ. ಆರಾಮ ಇದ್ದೀಯೇನು ಅಂತಲೂ ಕೇಳಲಿಲ್ಲ. "ಏ ತಮ್ಮಾ, ನೀ ಹೇಳಿದ ಕಸದೆಣ್ಣಿ ಬರೇ ನೀರದ ನೋಡು. ಹತ್ತ್ ದಿನ ಆತು, ಕಸ ಹಂಗೇ ನಿಂತದ."

ಕಸದೆಣ್ಣಿ ಎಂದರೆ ಹೊಲದ ಕಸ, ಅಂದರೆ ಕಳೆ, ಕೊಲ್ಲುವ ಔಷಧಿ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಭಾಲ್ಕಿ ತಾಲೂಕಿನಲ್ಲಿ ಆರು ಎಕರೆ ಹೊಲ. ನಾನು ಕೃಷಿ ಪದವಿ ಮುಗಿಸಿ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಬೆಳೆ ಸಲಹೆ ಕೊಡುತ್ತ ತಿರುಗುವವನು. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯ ಹೊಲದಲ್ಲೇ ಕಸ ಎದ್ದರೆ ಜನ ಏನಂತಾರೆ ಎಂಬುದು ಬೇರೆ ಮಾತು. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣ, ತಪ್ಪನ್ನು ನಾನು ಮೊದಲು ಮಳೆಯ ಮೇಲೆ ಹಾಕಿದೆ, ಆಮೇಲೆ ಕಾಕಾನ ಮೇಲೆ. ಕೊನೆಗೆ ಅದು ಸುತ್ತಿಕೊಂಡು ನನ್ನ ಬಾಗಿಲಿಗೇ ಬಂತು.

ಹೊಲದ ವಿಷಯ ಮೊದಲು. ಆರು ಎಕರೆಯಲ್ಲಿ ಕೆಳಗಿನ ಎರಡು ಎಕರೆ ಆಳವಾದ ಎರೆ ಮಣ್ಣು, ಮೇಲಿನ ನಾಲ್ಕು ಎಕರೆ ಸ್ವಲ್ಪ ತೆಳು. ಬೀದರಿನಲ್ಲಿ ಮೊದಲು ಮುಂಗಾರಿಗೆ ಉದ್ದು, ಹೆಸರು, ಜೋಳ ಇದ್ದ ಬಹಳಷ್ಟು ಹೊಲಗಳಲ್ಲಿ ಈಗ ಸೋಯಾ. ಕಾಕಾನದೂ ಅದೇ. ಬೀಜ ಜೆಎಸ್-335, ಜಬಲ್ಪುರದ ಹಳೆಯ ತಳಿ, 1994ರದು. ಹೊಸ ತಳಿಗಳು ಎಷ್ಟು ಬಂದರೂ ಕಾಕಾ ಅದನ್ನು ಬಿಡುವುದಿಲ್ಲ. ಕೆಳಗಿನ ಹೊಲದಲ್ಲಿ ಸೋಯಾ ಸಾಲುಗಳ ನಡುವೆ ತೊಗರಿ, ಮೇಲಿನದರಲ್ಲಿ ಬರೀ ಸೋಯಾ. ಸೋಯಾ ಕಿತ್ತ ಮೇಲೆ ಅಲ್ಲಿ ಹಿಂಗಾರಿ ಜೋಳ ಬರಬೇಕು. ಮನೆಗೆ ರೊಟ್ಟಿ, ಎತ್ತಿಗೆ ಕಣಿಕೆ. ಈ ಜೋಳದ ವಿಷಯ ಮುಂದೆ ಬರುತ್ತದೆ.

ಜೂನ್ 17ಕ್ಕೆ ಕೆಳಗಿನ ಎರಡು ಎಕರೆ ಬಿತ್ತನೆ ಆಯಿತು. ಮರುದಿನ ಬೆಳಿಗ್ಗೆ ನಾನೇ ಹೋಗಿದ್ದೆ. ಪೆಂಡಿಮೆಥಾಲಿನ್ ಹೊಡೆಯುವುದಿತ್ತು. ಇದು ಎದ್ದ ಕಸವನ್ನು ಕೊಲ್ಲುವ ಔಷಧಿಯಲ್ಲ. ಹಸಿ ಮಣ್ಣಿನ ಮೇಲೆ ತೆಳ್ಳಗೆ ಹರಡಿಕೊಂಡು, ಮೊಳಕೆ ಒಡೆಯುತ್ತಿರುವ ಕಸದ ಬೇರು, ಚಿಗುರುಗಳನ್ನು ಅಲ್ಲೇ ಕುಂಠಿಸುತ್ತದೆ. ಹೊಡೆದ ಪದರ ತುಳಿದು ಹಾಳಾಗಬಾರದೆಂದು ಕಾಕಾನನ್ನು ಹಿಂದಕ್ಕೆ ನಡೆಯುತ್ತ ಹೊಡೆಯಲು ಹೇಳಿದೆ. ಬದುವಿನ ಮೇಲೆ ನಿಂತಿದ್ದ ಹುಡುಗರು ನಕ್ಕಿದ್ದೇ ನಕ್ಕಿದ್ದು. ಎಕರೆಗೆ ಹದಿಮೂರು ಪಂಪು, ಅಂದರೆ ಬೆನ್ನಿಗೆ ಹಾಕಿಕೊಂಡು ಹೊಡೆಯುವ ಟ್ಯಾಂಕು ಹದಿಮೂರು ಸಲ ತುಂಬಿ, ಆಯಿತು, ನಾನು ಎಣಿಸಿದ್ದೆ. ತೊಗರಿಯೂ ಪೆಂಡಿಮೆಥಾಲಿನ್ ತಾಳಿಕೊಳ್ಳುತ್ತದೆ, ಆ ಚಿಂತೆ ಇರಲಿಲ್ಲ.

ಮೇಲಿನ ನಾಲ್ಕು ಎಕರೆಯ ಬಿತ್ತನೆ 19ರ ಮಧ್ಯಾಹ್ನ ಮುಗಿಯಿತು. ಸಂಜೆಯೇ ಮಳೆ ಹಿಡಿದು ಮೂರು ದಿನ ಬಿಡಲಿಲ್ಲ. ಮಳೆ ನಿಂತು ಎರೆ ಮಣ್ಣಿನಲ್ಲಿ ಕಾಲಿಡಲು ಬರುವ ಹೊತ್ತಿಗೆ ಸೋಯಾ ನೆಲ ಸೀಳಿಕೊಂಡು ತಲೆ ಎತ್ತಿತ್ತು, ಕಸವೂ ಜೊತೆಗೇ ಎದ್ದಿತ್ತು. ಅಲ್ಲಿಗೆ ಪೆಂಡಿಮೆಥಾಲಿನ್ ಮಾತು ಮುಗಿಯಿತು. ನಾಲ್ಕು ಎಕರೆಗೆಂದು ತಂದ ಡಬ್ಬಿಗಳನ್ನು ಅಂಗಡಿಗೆ ವಾಪಸು ಕೊಟ್ಟು, ಬದಲಿಗೆ ಎದ್ದ ಕಸದ ಮೇಲೆ ಹೊಡೆಯುವ ಇಮಾಝೆಥಾಪಿರ್ ತರಲು ಹೇಳಿದೆ. ಶೇ. 10ರ ದ್ರಾವಣ, 400 ಎಂಎಲ್ ಬಾಟಲಿ, ಎಕರೆಗೆ ಒಂದು, ಒಟ್ಟು ನಾಲ್ಕು. ಕಸ ಎರಡು ಮೂರು ಎಲೆಯಲ್ಲಿರುವಾಗ, ಬಿತ್ತಿ ಹದಿನೈದು ಹದಿನೆಂಟು ದಿನಕ್ಕೆ ಹೊಡೆಯಬೇಕು. ಲೆಕ್ಕ ಹಾಕಿದರೆ ಜುಲೈ 7ರ ಆಸುಪಾಸು.

ಜುಲೈ 5ಕ್ಕೆ ಕಾಕಾ ಫೋನು ಮಾಡಿ ಕೇಳಿದ: "ಪಂಪಿಗಿ ಎಷ್ಟ್ ಹಾಕ್ಲಿ?" ನಾನು ಬೈಕಿನ ಮೇಲಿದ್ದೆ. "ಮೂವತ್ತು ಎಂಎಲ್ ಹಾಕು ಕಾಕಾ" ಅಂದೆ. ಅಷ್ಟೇ ಮಾತು.

ಆ ವಾರ ಹೊಲ ಆರಲಿಲ್ಲ. ಆಮೇಲೆ ಪಂಪಿನ ಬ್ಯಾಟರಿ ಕೈಕೊಟ್ಟು ಭಾಲ್ಕಿಗೆ ರಿಪೇರಿಗೆ ಹೋಯಿತು. ಅದು ಬರುವಷ್ಟರಲ್ಲಿ ಆಷಾಢ ಏಕಾದಶಿ ಹತ್ತಿರ ಬಂತು. ಕಾಕಾ ಕೊರಳಿಗೆ ತುಳಸಿ ಮಾಳ ಹಾಕಿದ ವಿಠ್ಠಲನ ಭಕ್ತ, ಪಂಢರಪುರಕ್ಕೆ ಹೋಗದೆ ಇರುವವನಲ್ಲ. ಆ ವರ್ಷ ಏಕಾದಶಿ ಜುಲೈ 17ಕ್ಕೆ. ವಿಠ್ಠಲನ ದರ್ಶನ ಮಾಡಿ, ಬುಕ್ಕಾ ಹಚ್ಚಿಕೊಂಡು ಊರಿಗೆ ಬಂದು, ಜುಲೈ 20ಕ್ಕೆ ಹೊಡೆದ. ಬಿತ್ತಿ ಮೂವತ್ತೊಂದನೆಯ ದಿನ.

ಇದನ್ನೆಲ್ಲ ಫೋನಿನಲ್ಲಿ ಕೇಳಿದ ಕೂಡಲೇ ನನ್ನ ತೀರ್ಪು ತಯಾರಾಗಿತ್ತು: ತಡವಾಯಿತು, ಅದಕ್ಕೇ ಸತ್ತಿಲ್ಲ. 31ಕ್ಕೆ ಊರಿಗೆ ಹೋದದ್ದು ಅದನ್ನು ಹೇಳಿ ಬರಲು ಮಾತ್ರ.

ಹೊಲ ನೋಡಿದರೆ ಚಿತ್ರ ಬೇರೆಯೇ ಇತ್ತು. ಬರೀ ತಡವಾಗಿದ್ದರೆ ಸಣ್ಣ ಕಸ ಸತ್ತು ದೊಡ್ಡದು ಉಳಿಯಬೇಕು. ಇಲ್ಲಿ ಸಣ್ಣ ಹುಲ್ಲೂ ಸಾಯದೆ, ಸುಳಿ ಹಳದಿಯಾಗಿ, ಗಿಡ್ಡಗಾಗಿ ನಿಂತಿತ್ತು. ಇಮಾಝೆಥಾಪಿರ್ ಗಿಡದೊಳಗೆ ಮೂರು ಅಮೈನೋ ಆಮ್ಲಗಳ ತಯಾರಿಕೆಯನ್ನು ನಿಲ್ಲಿಸುತ್ತದೆ. ಗಿಡ ಒಮ್ಮೆಲೇ ಸುಡುವುದಿಲ್ಲ, ಬೆಳವಣಿಗೆ ನಿಂತು ಎರಡು ಮೂರು ವಾರಕ್ಕೆ ಒಣಗುತ್ತದೆ. ಹಾಗಾಗಿ ಹತ್ತು ದಿನಕ್ಕೆ ಎಣ್ಣಿಯನ್ನು ಬೈಯುವುದು ಅವಸರವೇ. ಆದರೆ ಸುಳಿಯಲ್ಲಿ ಮತ್ತೆ ಹಸಿರು ಕಾಣಿಸುತ್ತಿತ್ತು. ಏಟು ತಿಂದ ಗಿಡ ಚೇತರಿಸಿಕೊಳ್ಳುತ್ತಿತ್ತು. ಹಿತ್ತಗಣಿ ಎಂಬ ನೆಲದ ಮೇಲೆ ಹಬ್ಬುವ ಕಸವಂತೂ ಗೇಣುದ್ದ ಕವಲು ಬಿಟ್ಟು ಸಾಲಿನಿಂದ ಸಾಲಿಗೆ ದಾಟಿತ್ತು. ಅಲ್ಲಲ್ಲಿ ಅದರ ನೀಲಿ ಹೂ.

ಕೊಟ್ಟಿಗೆಯ ಗೂಡಿನಲ್ಲಿ ಉತ್ತರ ಕೂತಿತ್ತು. ಪಂಪು ತೋರಿಸು ಅಂದದ್ದಕ್ಕೆ ಕಾಕಾ ಒಳಗೆ ಕರೆದುಕೊಂಡು ಹೋದ. ಪಂಪಿನ ಪಕ್ಕ ಎರಡು ಬಾಟಲಿ, ಒಂದರ ಸೀಲೇ ಒಡೆದಿಲ್ಲ, ಇನ್ನೊಂದರಲ್ಲಿ ಸ್ವಲ್ಪವಷ್ಟೇ ಖಾಲಿ.

"ಇವು ಯಾಕ ಉಳದಾವ?"

"ಎಣ್ಣಿ ಉಳಿಸಿದೆ ತಮ್ಮಾ. ನಾಕ್ ಹೇಳಿದ್ದಿ, ಎರಡರಾಗೇ ಮುಗಸೀನಿ." ಕಾಕಾನ ಮುಖದಲ್ಲಿ ಹೆಮ್ಮೆ ಇತ್ತು.

"ಎಕರಿಗಿ ಎಷ್ಟ್ ಪಂಪ್ ಆತು?"

"ಏಳ್."

ಅಲ್ಲೇ ನಿಂತು ಲೆಕ್ಕ ಹಾಕಿದೆ. ಹದಿನಾರು ಲೀಟರಿನ ಪಂಪು. ಎಕರೆಗೆ 200 ಲೀಟರ್ ನೀರು ಬೇಕು, ಅಂದರೆ ಹದಿಮೂರು ಪಂಪು. ನಾನು ಮೂವತ್ತು ಎಂಎಲ್ ಅಂದದ್ದು ಆ ಹದಿಮೂರನ್ನು ತಲೆಯಲ್ಲಿಟ್ಟುಕೊಂಡು. ಮೂವತ್ತು ಹದಿಮೂರಲೆ 390, ಬಾಟಲಿಗೆ ಸರಿಹೋಗುತ್ತದೆ. ಕಾಕಾ ಹೊಡೆದದ್ದು ಏಳು ಪಂಪು. ಮೂವತ್ತು ಏಳಲೆ 210. ನಾಲ್ಕು ಎಕರೆಗೆ 840 ಎಂಎಲ್. 1,600ರಲ್ಲಿ ಉಳಿದದ್ದು 760. ಗೂಡಿನಲ್ಲಿದ್ದ ಎರಡು ಬಾಟಲಿ ಆ ಲೆಕ್ಕವನ್ನೇ ಹೇಳುತ್ತಿದ್ದವು. ಅರ್ಧ ಡೋಸು, ಎರಡು ಪಟ್ಟು ತಡ.

ಏಳೇ ಪಂಪು ಯಾಕೆ ಎಂದು ಕೇಳಬೇಕಾದದ್ದು ಕಾಕಾನನ್ನಲ್ಲ, ಕಾಕಿಯನ್ನು. ಬಾವಿ ಕೆಳಗಿನ ಹೊಲದ ಮೂಲೆಯಲ್ಲಿದೆ. ಮೇಲಿನ ಹೊಲಕ್ಕೆ ಆ ರಾಡಿಯಲ್ಲಿ ಕೊಡ ಹೊತ್ತವಳು ಅವಳು. ನೀರು ಕಡಿಮೆ ಆದಷ್ಟೂ ಕಾಕಾ ಕಾಲು ಬೀಸಿ ನಡೆದಿದ್ದಾನೆ. ಒಂದು ಪಂಪು ಮೂರು ಗುಂಟೆ ಚಿಲ್ಲರೆಗೆ ಮುಗಿಯಬೇಕು, ಅವನದು ಆರು ಗುಂಟೆ ಹತ್ತಿರ ಹೋಗಿದೆ. ನಳಿಕೆಯೂ ಹುಳದ ಔಷಧಿಗೆ ಹಾಕುವ ಕೋನ್ ನಾಝಲ್, ಹನಿ ಮಂಜಿನಂತೆ ಹಾರುತ್ತದೆ. ಕಸದೆಣ್ಣಿಗೆ ಬೀಸಣಿಗೆಯ ಹಾಗೆ ಚಪ್ಪಟೆ ಹರಡುವ ಫ್ಲ್ಯಾಟ್ ಫ್ಯಾನ್ ಬೇಕು. ಔಷಧಿ ಎಲೆಗೆ ಹಿಡಿಯಲೆಂದು ಬೆರೆಸುವ, ಬಾಟಲಿಯ ಜೊತೆ ಬಂದಿದ್ದ ಅಂಟಿನ ಪುಟ್ಟ ಶೀಶೆಗಳು ನಾಲ್ಕೂ ಹಾಗೇ ಇದ್ದವು.

ನೀರು ಕಡಿಮೆಯಾದದ್ದೇ ದೊಡ್ಡ ಅಪರಾಧ ಅಂತ ನಾನು ಹೇಳುವುದಿಲ್ಲ. ಇಮಾಝೆಥಾಪಿರ್ ಗಿಡದೊಳಗೆ ಹರಿಯುವ ಔಷಧಿ. ಏಳೇ ಪಂಪಿನಲ್ಲಿ ಪಂಪಿಗೆ 57 ಎಂಎಲ್ ಹಾಕಿದ್ದರೆ ಎಕರೆಯ ಪಾಲು ಎಕರೆಗೆ ಸೇರುತ್ತಿತ್ತು. ಎಲೆಯ ಮರೆಯ ಕಸಕ್ಕೆ ತಾಗುವುದು ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೇ. ಔಷಧಿಯ ಲೆಕ್ಕ ಎಕರೆಗೆ, ಪಂಪಿಗಲ್ಲ. ನಾನು ಅದನ್ನು ಪಂಪಿನ ಲೆಕ್ಕ ಮಾಡಿ ಹೇಳಿದೆ, ಬೈಕಿನ ಮೇಲೆ ಕೂತು, ಎಷ್ಟು ಪಂಪು ಹೊಡೆಯುತ್ತೀ ಎಂದು ಕೇಳದೆ. ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೇ: ಪಂಪಿಗೆ ಇಷ್ಟು ಮುಚ್ಚಳ. ಹೇಳುವವನ ಪಂಪು ಬೇರೆ, ಕೇಳುವವನ ಕಾಲು ಬೇರೆ.

ಆ ಹೊತ್ತಿಗೆ ಕಾಕಾ ಉಳಿದ ಬಾಟಲಿ ಕೈಗೆ ತೆಗೆದುಕೊಂಡಾಗಿತ್ತು. "ಹಂಗಾದ್ರ ನಾಳೀಗಿ ಇವೆರಡೂ ಹೊಡದ್ ಬಿಡ್ತೀನಿ."

ಅದನ್ನು ತಡೆದದ್ದೇ ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ. ಬಿತ್ತಿ 42 ದಿನ ಆಗಿತ್ತು. ಜೆಎಸ್-335 ಹೂ ಬಿಟ್ಟಿತ್ತು, ಈಗ ಬೆಳೆಗೆ ಏಟು ಬಿದ್ದರೆ ಕಾಯಿಗೇ ಬೀಳುತ್ತದೆ. ಕಸ ಬಲಿತಿದೆ, ಪೂರ್ತಿ ಡೋಸಿಗೂ ಸಾಯುವುದು ಅನುಮಾನ. ಇನ್ನೊಂದು ಜೋಳದ ಮಾತು. ಇಮಾಝೆಥಾಪಿರ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಮೆರಿಕದ ಲೇಬಲ್‌ನಲ್ಲಿ ಇದನ್ನು ಹೊಡೆದ ನೆಲಕ್ಕೆ ಜೋಳ ಬಿತ್ತಲು 18 ತಿಂಗಳು ಕಾಯಬೇಕೆಂದಿದೆ. ನಮ್ಮ ಬಿಸಿಲು, ತೇವದಲ್ಲಿ ಬೇಗ ಕರಗುತ್ತದೆ ನಿಜ, ಆದರೆ ಆಗಸ್ಟ್‌ನಲ್ಲಿ ಮತ್ತೊಮ್ಮೆ ಹೊಡೆದು ಅಕ್ಟೋಬರ್‌ನಲ್ಲಿ ಜೋಳ ಬಿತ್ತುವ ಧೈರ್ಯ ನನಗಿರಲಿಲ್ಲ. ಎಡೆಕುಂಟೆ ಹಾಯಿಸುವಷ್ಟು ಸಾಲಿನಲ್ಲಿ ಜಾಗವೂ ಉಳಿದಿರಲಿಲ್ಲ. ಆಳು ಹಚ್ಚಿ ಕೈಯಿಂದಲೇ ಕೀಳಿಸುವುದೆಂದು ಆಯಿತು.

ನಾವು ಹೀಗೆ ಮಾತಾಡುತ್ತಿರುವಾಗ ಕಾಕಾನ ಮಗ ಮೊಬೈಲು ಹಿಡಿದು ಬಂದ. ಲಾತೂರಿನಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ, ಅಂದು ರಜೆ. "ಅಣ್ಣಾ, ಇದು ನೋಡು." ಅಮೆರಿಕದ ಹೊಲ, ಮನೆಯಷ್ಟು ದೊಡ್ಡ ಯಂತ್ರ, ಸೋಯಾದ ನೆತ್ತಿಯ ಮೇಲೇ, ಬಹುತೇಕ ಎಲ್ಲ ಗಿಡವನ್ನೂ ಕೊಲ್ಲುವ ಗ್ಲೈಫೋಸೇಟ್ ಎಂಬ ಕಸದೆಣ್ಣಿ ಸುರಿಯುತ್ತಿದೆ. ಕಸ ಸತ್ತಿದೆ, ಸೋಯಾ ನಗುತ್ತಿದೆ. "ಈ ಬೀಜ ನಮಗ ಸಿಕ್ರ ಇದೆಲ್ಲ ತಲಿನೋವೇ ಇರಂಗಿಲ್ಲಲ್ಲ?"

ಈ ಪ್ರಶ್ನೆ ಈಗ ಪ್ರತಿ ಹಳ್ಳಿಯಲ್ಲೂ ಬರುತ್ತದೆ. ಭಾರತದಲ್ಲಿ ಗ್ಲೈಫೋಸೇಟ್ ತಾಳುವ ಅಂಥ ಕುಲಾಂತರಿ ಸೋಯಾ ಬೆಳೆಯಲು ಅನುಮತಿ ಇಲ್ಲ. 2021ರಲ್ಲಿ ಕುಲಾಂತರಿ ಸೋಯಾದ ಹಿಂಡಿಯನ್ನು ಕೋಳಿ, ದನದ ಮೇವಿಗೆ ಆಮದು ಮಾಡಿಕೊಳ್ಳಲು ಬಿಟ್ಟರು, ಬಿತ್ತಲು ಅಲ್ಲ. ನಮ್ಮ ಸೋಯಾದ ಮೇಲೆ ಗ್ಲೈಫೋಸೇಟ್ ಬಿದ್ದರೆ ಕಸಕ್ಕಿಂತ ಮೊದಲು ಸೋಯಾ ಸಾಯುತ್ತದೆ. ಆದರೆ "ಕಾನೂನಿಲ್ಲ" ಎಂದು ಹೇಳಿ ಕೈತೊಳೆದುಕೊಂಡರೆ ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಆ ಬೀಜ ಇದ್ದಿದ್ದರೆ ಈ ಹೊಲ ಸ್ವಚ್ಛ ಇರುತ್ತಿತ್ತೇ ಎಂಬುದು ಅವನ ಪ್ರಶ್ನೆ.

ಅಲ್ಲಿ ನಡೆದದ್ದು ಹೀಗೆ. ಗ್ಲೈಫೋಸೇಟ್ ತಡೆಯುವ ಸೋಯಾ ಅಮೆರಿಕದ ಹೊಲಕ್ಕೆ ಬಂದದ್ದು 1996ರಲ್ಲಿ. ಹೂ ತುಂಬುವವರೆಗೂ ಯಾವಾಗ ಬೇಕಾದರೂ ಹೊಡೆಯಬಹುದು. ಬೆಳೆಗೆ ಭಯವಿಲ್ಲ ಎಂದಾದ ಮೇಲೆ ರೈತರಿಗೂ ಅವಸರ ಉಳಿಯಲಿಲ್ಲ. ಕಸ ದೊಡ್ಡದಾಗಲಿ, ಒಂದೇ ಸಲಕ್ಕೆ ಮುಗಿಸೋಣ ಎಂಬ ಅಭ್ಯಾಸ ಬೆಳೆಯಿತು. ಆದರೆ ಕಸ ನಿಂತಿದ್ದಷ್ಟು ದಿನ ನೀರು, ಗೊಬ್ಬರ ತಿಂದೇ ಇರುತ್ತದೆ. ಆಮೇಲೆ ಸತ್ತರೂ ತಿಂದದ್ದು ವಾಪಸು ಬರುವುದಿಲ್ಲ. ನಾಲ್ಕೇ ವರ್ಷಕ್ಕೆ, 2000ದಲ್ಲಿ, ಡೆಲಾವೇರ್ ರಾಜ್ಯದ ಸೋಯಾ ಹೊಲದಲ್ಲಿ ಗ್ಲೈಫೋಸೇಟಿಗೆ ಬಗ್ಗದ ಕಸ ಸಿಕ್ಕಿತು. 2005ರಲ್ಲಿ ಜಾರ್ಜಿಯಾದಲ್ಲಿ ನಮ್ಮ ರಾಜಗಿರಿ ಸೊಪ್ಪಿನ ಕುಲದ ಪಾಮರ್ ಅಮರಾಂತ್. ಅದಕ್ಕೆಂದು ಡೈಕಾಂಬಾ ಎಂಬ ಇನ್ನೊಂದು ಕಸದೆಣ್ಣಿಯನ್ನು ತಡೆಯುವ ಸೋಯಾ ತಂದರು. 2017ರಲ್ಲಿ ಆ ಔಷಧಿ ಗಾಳಿಯಲ್ಲಿ ಹಾರಿ ಪಕ್ಕದವರ ಸಾಮಾನ್ಯ ಸೋಯಾದ ಎಲೆಗಳನ್ನು ಬಟ್ಟಲಿನಂತೆ ಮುದುಡಿಸಿತು. ಹೊಡೆಯಲು ಕೊನೆಯ ದಿನಾಂಕ ಗೊತ್ತುಮಾಡಬೇಕಾಯಿತು. 2020ರಲ್ಲಿ ಒಮ್ಮೆ, 2024ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಅಲ್ಲಿನ ಕೋರ್ಟುಗಳು ಅನುಮತಿಯನ್ನೇ ರದ್ದು ಮಾಡಿದವು. ಈಗ ಅಲ್ಲಿನ ವಿಶ್ವವಿದ್ಯಾಲಯಗಳು ರೈತರಿಗೆ ಹೇಳುವುದು: ಬಿತ್ತಿದ ಕೂಡಲೇ ಮಣ್ಣಿಗೆ ಒಂದು, ಆಮೇಲೆ ಕಸ ನಾಲ್ಕು ಇಂಚು ದಾಟುವ ಮೊದಲು ಮೇಲಿನಿಂದ ಒಂದು. ಕಾಕಾನಿಗೆ ಜೂನ್‌ನಲ್ಲಿ ನಾನು ಹೇಳಿದ್ದೂ ಇದನ್ನೇ.

ನಮ್ಮ ಸೋಯಾಕ್ಕೂ ಹುಟ್ಟಿನಿಂದಲೇ ಅದರದೇ ತಾಳಿಕೆ ಇದೆ. ಇಮಾಝೆಥಾಪಿರನ್ನು ಅದು ಬೇಗ ಒಡೆದು ಅರಗಿಸಿಕೊಳ್ಳುತ್ತದೆ, ನಾಲ್ಕು ದಿನ ಎಲೆ ಹಳದಿಯಾದರೂ ಮತ್ತೆ ಹಸಿರಾಗುತ್ತದೆ. ಹುಲ್ಲಿಗೆ ಹೊಡೆಯುವ ಕ್ವಿಝಾಲೋಫಾಪ್ ಸೋಯಾಕ್ಕೆ ತಟ್ಟುವುದೇ ಇಲ್ಲ. ಬೆಳೆ ತಾಳುತ್ತದೆ ಎಂಬುದು ಹೊಡೆಯಲು ಸಿಕ್ಕ ಪರವಾನಗಿ ಮಾತ್ರ. ಯಾವಾಗ ಹೊಡೆಯಬೇಕು ಎಂಬುದನ್ನು ಕಸದ ಎಲೆ ಎಣಿಸಿ ತೀರ್ಮಾನಿಸಬೇಕು.

ಇಷ್ಟು ಹೇಳಿ, ಬಗ್ಗಿ ಒಂದು ಹಿತ್ತಗಣಿ ಬುಡಸಮೇತ ಕಿತ್ತು ಹುಡುಗನ ಕೈಗಿಟ್ಟೆ. ಮಣ್ಣು ಝಾಡಿಸಿದರೆ ಬೇರಿನ ನಡುವೆ ಬಿಳಿಯ ಎಳೆಗಳು, ಅವುಗಳ ತುದಿಗೆ ಸಣ್ಣ ಕಾಯಿ. ಹಿತ್ತಗಣಿ ಮೇಲೆ ನೀಲಿ ಹೂ ಬಿಡುತ್ತದೆ, ನೆಲದೊಳಗೂ ಹೂ ಬಿಟ್ಟು ಬೀಜ ಕಟ್ಟುತ್ತದೆ. ತುಂಡಾದ ಗೆಣ್ಣು ನೆಲಕ್ಕೆ ತಾಗಿದರೆ ಬೇರು ಬಿಡುತ್ತದೆ. ಇದೇ ಹಿತ್ತಗಣಿ ಜಾರ್ಜಿಯಾಕ್ಕೂ ಹೋಗಿ ನೆಲೆಸಿದೆ. ಗ್ಲೈಫೋಸೇಟ್ ತಡೆಯುವ ಹತ್ತಿ ಬಂದ ಮೇಲೆ ಅಲ್ಲಿ ಬೇರೆ ಕಸವೆಲ್ಲ ಸತ್ತು, ಖಾಲಿ ಜಾಗವನ್ನು ಇದು ಹಿಡಿಯಿತು. ಗ್ಲೈಫೋಸೇಟಿಗೆ ಇದು ಸುಲಭಕ್ಕೆ ಸಾಯುವುದಿಲ್ಲ. ಅವರೂ ಕೊನೆಗೆ ಮೊಳಕೆಗೆ ಮೊದಲೇ ಹೊಡೆಯುವ ಮೆಟಲಾಕ್ಲೋರ್ ಕಡೆ ತಿರುಗಬೇಕಾಯಿತು. ಹುಡುಗ ಆ ಬಿಳಿ ಕಾಯಿಯನ್ನು ಉಗುರಿನಿಂದ ಒಡೆದು ನೋಡಿದ, ವಿಡಿಯೋ ಮಾತು ಮತ್ತೆ ಎತ್ತಲಿಲ್ಲ.

ಎಂಟು ಹೆಣ್ಣಾಳು, ಮೂರು ದಿನ, ತಲೆಗೆ 300 ರೂಪಾಯಿ. 7,200 ಹೋಯಿತು. ಮೊದಲ ದಿನ ಕಿತ್ತ ಕಸವನ್ನು ಕಾಕಾ ಸಾಲಿನಲ್ಲೇ ಗುಡ್ಡೆ ಹಾಕಿಸಿದ. ಆಳುಗಳಲ್ಲಿ ಹಿರಿಯಳೊಬ್ಬಳು ಅಂದಳು: "ಕಾಕಾರೀ, ಹಿತ್ತಗಣಿ ಒಗದಲ್ಲೇ ಚಿಗಿತದ, ಬುಟ್ಟ್ಯಾಗ ಹಾಕಿ ಬದಕ್ ಹೊರಸ್ರಿ." ಕಾಕಾ ಕೇಳಲಿಲ್ಲ. ರಾತ್ರಿ ಮಳೆ ಬಂತು. ನಾಲ್ಕು ದಿನಕ್ಕೆ ಗುಡ್ಡೆ ಎತ್ತಿ ನೋಡಿದರೆ ಅಡಿಯ ಗೆಣ್ಣುಗಳಿಂದ ಬಿಳಿ ಬೇರು ಮಣ್ಣಿಗಿಳಿದಿದ್ದವು.

ಕೆಳಗಿನ ಎರಡು ಎಕರೆಯ ಕತೆ ಚಿಕ್ಕದು. ಪೆಂಡಿಮೆಥಾಲಿನ್ ಬಿದ್ದಲ್ಲಿ ಹುಲ್ಲು ಏಳಲಿಲ್ಲ, ಹಿತ್ತಗಣಿ ಅಲ್ಲೊಂದು ಇಲ್ಲೊಂದು. ಇಪ್ಪತ್ತು ದಿನದ ಸುಮಾರಿಗೆ ಒಂದು ಎಡೆ ಹೊಡೆದು, ಕಾಕಿ ಮತ್ತು ಸೊಸೆ ಎರಡು ದಿನ ಕೂತು ಉಳಿದದ್ದನ್ನು ಕಿತ್ತರು. ರಾಶಿಯ ಹೊತ್ತಿಗೆ ಕೆಳಗೆ ತೊಗರಿ ಸಾಲು ಬಿಟ್ಟೂ ಎಕರೆಗೆ ಏಳೂವರೆ ಕ್ವಿಂಟಲ್ ಸೋಯಾ, ಮೇಲೆ ಬರೀ ಸೋಯಾ ಇದ್ದೂ ಆರು. ಅಂತರವನ್ನೆಲ್ಲ ಕಸದ ಖಾತೆಗೆ ಬರೆಯಲಾರೆ, ಕೆಳಗಿನ ಮಣ್ಣು ಮೊದಲಿನಿಂದಲೂ ಒಳ್ಳೆಯದು. ಆದರೆ ಹಿಂದಿನ ವರ್ಷಗಳಲ್ಲಿ ಮೇಲಿನದು ಇಷ್ಟು ಹಿಂದೆ ಬಿದ್ದದ್ದಿಲ್ಲ ಅಂತ ಕಾಕಾನೇ ಹೇಳುತ್ತಾನೆ. ಆ ವರ್ಷ ಸೋಯಾದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ, ಮಾರುಕಟ್ಟೆಯಲ್ಲಿ ಅದೂ ಸಿಗಲಿಲ್ಲ.

ಜೋಳ ಬಿತ್ತುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಮೇಲಿನ ಹೊಲದ ಮಣ್ಣು ಒಂದು ಡಬ್ಬಿಗೆ, ಎಣ್ಣಿ ಬೀಳದ ಜಾಗದ ಮಣ್ಣು ಇನ್ನೊಂದಕ್ಕೆ, ಎರಡರಲ್ಲೂ ಇಪ್ಪತ್ತು ಕಾಳು ಜೋಳ. ಹನ್ನೆರಡು ದಿನ ಕಾಕಿ ನೀರು ಹಾಕಿದಳು. ಎರಡೂ ಡಬ್ಬಿಯ ಸಸಿ ಒಂದೇ ಎತ್ತರ, ಬೇರೂ ಸರಿ. ಅರ್ಧ ಡೋಸಿನಿಂದ ಆದ ಒಂದೇ ಉಪಕಾರ ಇದು. ಹಿತ್ತಗಣಿಗೆ ಮೊಳಕೆಗೆ ಮೊದಲು ಹೊಡೆಯುವ ಡೈಕ್ಲೋಸುಲಮ್ ಚೆನ್ನಾಗಿ ಕೆಲಸ ಮಾಡುತ್ತದೆ, ಎಕರೆಗೆ 12.4 ಗ್ರಾಂ ಸಾಕು. ಆದರೆ ಅದರ ಹಿಂದೆ ಬರುವ ಜೋಳಕ್ಕೆ ಅದೂ ಅಪಾಯ. ರೊಟ್ಟಿ ಜೋಳ ಬೇಕೆನ್ನುವ ಮನೆಗೆ ನಾನು ಅದನ್ನು ಬರೆದುಕೊಡಲಿಲ್ಲ.

2025ರಲ್ಲಿ ಆರೂ ಎಕರೆಗೆ ಬಿತ್ತಿದ ಮರುದಿನವೇ ಪೆಂಡಿಮೆಥಾಲಿನ್ ಬಿತ್ತು. ಕಾಕಾ ಅಂಗಿಯ ಕಿಸೆಯಲ್ಲಿ ಹದಿಮೂರು ಹರಳು ಇಟ್ಟುಕೊಂಡು, ಪಂಪಿಗೊಂದು ಬದುವಿನ ಮೇಲೆ ಇಡುತ್ತ ಹೋದ. ಮೇಲಿನ ಹೊಲಕ್ಕೆ ನೀರಿನ ಡ್ರಮ್ಮು ಬಂಡಿಯಲ್ಲಿ ಬಂತು. ಆದರೂ ಹಿಂದಿನ ವರ್ಷ ಗುಡ್ಡೆ ಬಿದ್ದಿದ್ದ ಜಾಗದ ಸುತ್ತ ಸುಮಾರು ಒಂದು ಎಕರೆಯಲ್ಲಿ ಹಿತ್ತಗಣಿ ಎದ್ದೇ ಎದ್ದಿತು. ಹದಿನೇಳನೆಯ ದಿನ, ಅದು ಎರಡು ಮೂರು ಎಲೆಯಲ್ಲಿದ್ದಾಗ, ಗೂಡಿನಲ್ಲಿದ್ದ ಸೀಲು ಒಡೆಯದ ಬಾಟಲಿಯ ಅವಧಿ ನೋಡಿ, ಪೂರ್ತಿ ಆ ಒಂದು ಎಕರೆಗೇ ಹೊಡೆಸಿದೆ, ಈ ಸಲ ಅಂಟೂ ಸೇರಿಸಿ, ಫ್ಲ್ಯಾಟ್ ಫ್ಯಾನ್ ಹಾಕಿ. ಅಲ್ಲಿ ಹಿಂಗಾರಿಗೆ ಜೋಳ ಬೇಡ, ಕಡಲೆ ಹಾಕು ಅಂದೆ. ಮೂರು ವಾರಕ್ಕೆ ಬಹಳಷ್ಟು ಒಣಗಿತು, ಎಲ್ಲವೂ ಅಲ್ಲ.

ಆ ಸಂಜೆ ಮತ್ತೆ ಫೋನು. "ಏ ತಮ್ಮಾ, ಇನ್ನೊಂದ್ ಬಾಟ್ಲಿ ಅದಲ್ಲ, 360 ಎಂಎಲ್. ಅದು 36 ಗುಂಟಿಗಿ ಬರೋಬರಿ ಆಗ್ತದಲ್ಲ?"